ಅಭಿಪ್ರಾಯಕ್ಕೆ ಪಕ್ಷವಿದ್ದರೆ ತಪ್ಪೇನು?

'ನಿಮ್ಮ ಅನ್‌ಬಯಸ್ಡ್ ಒಪಿನಿಯನ್ ಹೇಳಿ' ಎಂಬ ಕೋರಿಕೆ ಇಂದು ಓದುಬರಹ ಬಲ್ಲವರ ಮಾತುಕತೆಯಲ್ಲಿ ಸಲೀಸಾಗಿ ಬಂದುಹೋಗುತ್ತದೆ. ಸೈಟು ಕೊಳ್ಳುವಾಗ, ಮಗಳಿಗೆ ಕಾಲೇಜು ಹುಡುಕುವಾಗ, ಕಥೆಯ ಕರಡನ್ನು ಗೆಳೆಯರ ಕೈಗಿಡುವಾಗ ಆಡುವ ಈ ಮಾತನ್ನು ಕಾವೇರಿ ನೀರು, ಮೀಸಲಾತಿ, ಭಾಷಾನೀತಿಯಂಥ ಸಾರ್ವಜನಿಕ ವಿಚಾರಗಳಿಗೂ ಒಯ್ಯುತ್ತೇವೆ. ಇದರ ಬೆನ್ನಿಗೇ ಇನ್ನೊಂದು ಮಾತೂ ಇದೆ: 'ಅವರು ಆ ಕಡೆಯವರು, ಅವರು ಹೇಳಿದ್ದನ್ನು ಬಿಡಿ.' ಎರಡೂ ಹುಟ್ಟುವುದು ಒಂದೇ ನಂಬಿಕೆಯಿಂದ. ನಿಷ್ಪಕ್ಷಪಾತ ಅಭಿಪ್ರಾಯವೆಂಬ ಒಂದು ಶ್ರೇಷ್ಠ ಬಗೆ ಇದೆ, ಯಾವ ಕಡೆಗೂ ಸೇರದವರಿಂದ ಮಾತ್ರ ಅದು ಸಿಗುತ್ತದೆ, ಉಳಿದವರದು ಕೇವಲ ಸ್ವಾರ್ಥದ ಅಥವಾ ಗುಂಪಿನ ದನಿ ಎಂಬುದು ಆ ನಂಬಿಕೆ. ಇದರ ಉದ್ದೇಶ ಒಳ್ಳೆಯದೇ. ಆದರೆ ಬೇರೆ ಬೇರೆಯಾಗಿ ಇರಬೇಕಾದ ಸಂಗತಿಗಳು ಇದರಲ್ಲಿ ಕಲಸಿಹೋಗಿವೆ. ಆ ಗೊಂದಲದಿಂದ ನಮ್ಮ ಚರ್ಚೆಗಳಿಗೆ ಆಗುತ್ತಿರುವ ಹಾನಿ ಸಣ್ಣದಲ್ಲ ಎಂಬುದು ನನ್ನ ವಾದ.

ಮೊದಲು ಆ ನಂಬಿಕೆಯನ್ನು ಅದರ ಬಲವಾದ ರೂಪದಲ್ಲೇ ಇಟ್ಟು ನೋಡೋಣ. ಲಾಭನಷ್ಟದ ಲೆಕ್ಕ ಮನುಷ್ಯನ ನೋಟವನ್ನು ಬಾಗಿಸುತ್ತದೆ. ತನಗೆ ಬೇಕಾದ ತೀರ್ಮಾನಕ್ಕೆ ಒದಗುವ ಪುರಾವೆ ಬೇಗ ಕಣ್ಣಿಗೆ ಬೀಳುತ್ತದೆ. ಬೇಡವಾದ ಪುರಾವೆಯಲ್ಲಿ ಹುಳುಕು ಹುಡುಕುವ ಹುರುಪು ಹೆಚ್ಚುತ್ತದೆ. ಹೆಚ್ಚು ಕಮಿಷನ್ ಬರುವ ಪಾಲಿಸಿಯನ್ನೇ ಹೊಗಳುವ ವಿಮಾ ಏಜೆಂಟರು ಸುಳ್ಳುಗಾರರೇ ಆಗಿರಬೇಕಿಲ್ಲ. ತಾವು ಹೇಳುವುದನ್ನು ಅವರು ಮನಸಾರೆ ನಂಬಿರಬಹುದು, ಅಪಾಯ ಇರುವುದೂ ಅಲ್ಲಿಯೇ. ಜೊತೆಗೆ, ಕೇಳುವವರಿಗೆ ಪ್ರತಿಯೊಂದನ್ನೂ ತಾವೇ ಪರಿಶೀಲಿಸುವಷ್ಟು ಪುರುಸೊತ್ತಾಗಲಿ ಪರಿಣತಿಯಾಗಲಿ ಇರುವುದಿಲ್ಲ. ಆದ್ದರಿಂದ ಹಂಗಿಲ್ಲದವರನ್ನು ಹುಡುಕಿಕೊಂಡು ಹೋಗುವುದು, ಹಂಗಿರುವವರ ಮಾತನ್ನು ಎಚ್ಚರದಿಂದ ಕೇಳುವುದು ವಿವೇಕ. ಇಲ್ಲಿಯವರೆಗೆ ನನ್ನ ತಕರಾರಿಲ್ಲ. 'ಹಾಗಾಗಿ ಪಕ್ಷವಿಲ್ಲದವರ ಅಭಿಪ್ರಾಯವೇ ಸರಿ, ಪಕ್ಷವಿರುವವರದು ಕೇಳಲೂ ಯೋಗ್ಯವಲ್ಲ' ಎಂದು ಮುಂದಿನ ಹೆಜ್ಜೆ ಇಡುವಾಗ ನನ್ನ ತಕರಾರು ಶುರುವಾಗುತ್ತದೆ. ಮೊದಲನೆಯ ಮಾತಿನಿಂದ ಎರಡನೆಯದು ಹೊರಡುವುದೇ ಇಲ್ಲ.

ಒಂದು ವಿಚಾರದಲ್ಲಿ ಬಾಯಿ ತೆರೆಯುವ ಮನುಷ್ಯ ಮೂರು ಪಾತ್ರಗಳಲ್ಲಿ ಯಾವುದರಲ್ಲಾದರೂ ಇರಬಹುದು. (1) ಅವನು ತೀರ್ಮಾನ ಮಾಡುವವನಾಗಿರಬಹುದು. ಅವನ ಮಾತಿನಿಂದ ಒಬ್ಬರಿಗೆ ಕೆಲಸ ಸಿಗುತ್ತದೆ, ಇನ್ನೊಬ್ಬರಿಗೆ ಶಿಕ್ಷೆಯಾಗುತ್ತದೆ. (2) ಸಾಕ್ಷಿಯಾಗಿರಬಹುದು, ತಾನು ಕಂಡದ್ದನ್ನು ಹೇಳುತ್ತಾನೆ, ನಾವು ಅವನನ್ನು ನಂಬಿ ಅದನ್ನು ಒಪ್ಪಬೇಕಾಗುತ್ತದೆ. (3) ವಾದ ಮಂಡಿಸುವವನಾಗಿರಬಹುದು. ಅವನು ಮುಂದಿಡುವ ಕಾರಣಗಳು ಎಲ್ಲರಿಗೂ ಕಾಣುವಂತಿರುತ್ತವೆ. ನಿಷ್ಪಕ್ಷಪಾತ ಎಂಬುದು ಮೊದಲನೆಯವನಿಗೆ ಬೇಕೇಬೇಕಾದ ಅರ್ಹತೆ. ಎರಡನೆಯವನ ವಿಷಯದಲ್ಲಿ ಅದು ಪರಿಗಣಿಸಬೇಕಾದ ಹಲವು ಅಂಶಗಳಲ್ಲಿ ಒಂದು. ಮೂರನೆಯವನ ವಾದ ಸರಿಯೋ ತಪ್ಪೋ ಎಂಬುದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ನ್ಯಾಯಾಧೀಶರಿಗೆಂದು ಮಾಡಿದ ನಿಯಮವನ್ನು ಸಾಕ್ಷಿಗೂ ವಾದಿಗೂ ಹೇರಿದ್ದರಿಂದಲೇ ಈ ಗೊಂದಲವೆಲ್ಲ ಹುಟ್ಟಿದೆ.

ತೀರ್ಮಾನ ಮಾಡುವವರ ಬಗ್ಗೆ ಈ ನಿಯಮ ಎಷ್ಟು ಕಟ್ಟುನಿಟ್ಟಾಗಿರಬೇಕು ಎನ್ನುವುದಕ್ಕೆ ಸುಪ್ರೀಂ ಕೋರ್ಟಿನ 1969ರ ಎ. ಕೆ. ಕ್ರೈಪಾಕ್ ಪ್ರಕರಣವನ್ನು ಹತ್ತಿರದಿಂದ ನೋಡಬೇಕು. ಜಮ್ಮು ಮತ್ತು ಕಾಶ್ಮೀರದಲ್ಲಿ ಭಾರತೀಯ ಅರಣ್ಯ ಸೇವೆಗೆ ಅಧಿಕಾರಿಗಳನ್ನು ಆರಿಸುವ ಮಂಡಳಿಯಲ್ಲಿ ರಾಜ್ಯದ ಹಂಗಾಮಿ ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿ ನಕೀಶ್‌ಬಂದ್ ಸದಸ್ಯರಾಗಿದ್ದರು, ಜೊತೆಗೆ ಸ್ವತಃ ಅಭ್ಯರ್ಥಿಯೂ ಆಗಿದ್ದರು. ತಮ್ಮ ಹೆಸರು ಬಂದಾಗ ಅವರು ಸಭೆಯಲ್ಲಿ ಕೂರಲಿಲ್ಲ. ಆದರೆ ತಮ್ಮ ಎದುರಾಳಿಗಳ ಹೆಸರುಗಳು ಚರ್ಚೆಗೆ ಬಂದಾಗ ಕೂತಿದ್ದರು, ಆಯ್ಕೆಯಾದವರನ್ನು ಯೋಗ್ಯತೆಯ ಕ್ರಮದಲ್ಲಿ ಜೋಡಿಸುವಾಗಲೂ ಭಾಗವಹಿಸಿದರು. ಪಟ್ಟಿಯಲ್ಲಿ ಅವರ ಹೆಸರು ಮೇಲಿತ್ತು, ಅವರೊಡನೆ ಜ್ಯೇಷ್ಠತೆಗಾಗಿ ಹೋರಾಡುತ್ತಿದ್ದವರ ಹೆಸರುಗಳು ಬಿಟ್ಟುಹೋಗಿದ್ದವು. ಅವರು ತಮ್ಮ ಮೇಲೆ ಪ್ರಭಾವ ಬೀರಲಿಲ್ಲ ಎಂದು ಮಂಡಳಿಯ ಉಳಿದ ಸದಸ್ಯರು ಹೇಳಿದರೂ ಕೋರ್ಟು ಇಡೀ ಆಯ್ಕೆಯನ್ನು ರದ್ದುಮಾಡಿತು. ನಮ್ಮ ಕರಾವಳಿಯವರಾದ ನ್ಯಾಯಮೂರ್ತಿ ಕೆ. ಎಸ್. ಹೆಗ್ಡೆ ಬರೆದ ಆ ತೀರ್ಪಿನ ತರ್ಕ ಸ್ಪಷ್ಟವಾಗಿದೆ. ಆ ಅಧಿಕಾರಿಯ ಮನಸ್ಸಿನೊಳಗೆ ನಿಜಕ್ಕೂ ಏನಿತ್ತು ಎಂಬುದನ್ನು ರುಜುವಾತುಪಡಿಸಬೇಕಾಗಿಲ್ಲ. ಮನುಷ್ಯ ಸ್ವಭಾವವನ್ನು ಬಲ್ಲವರಿಗೆ ಪಕ್ಷಪಾತದ ಸಂಭವ ಕಾಣುವಂತಿದ್ದರೆ ಅಷ್ಟು ಸಾಕು. ಅಂದರೆ ಕೋರ್ಟು ಅಲ್ಲಿ ಒಂದು ಅಭಿಪ್ರಾಯದ ಗುಣವನ್ನು ಅಳೆಯಲಿಲ್ಲ. ಯಾರು ಯಾವ ಕುರ್ಚಿಯಲ್ಲಿ ಕೂರಬಾರದು ಎಂಬುದನ್ನು ಹೇಳಿತು.

ಈ ವ್ಯತ್ಯಾಸವನ್ನು ಇನ್ನೂ ನಿಚ್ಚಳವಾಗಿ ತೋರಿಸುವುದು ಲಂಡನ್ನಿನ ಪಿನೋಶೆ ಪ್ರಕರಣ. ಚಿಲಿಯ ಮಾಜಿ ಸರ್ವಾಧಿಕಾರಿಗೆ ವಿಚಾರಣೆಯಿಂದ ರಕ್ಷಣೆಯಿಲ್ಲ ಎಂದು 1998ರ ನವೆಂಬರಿನಲ್ಲಿ ಹೌಸ್ ಆಫ್ ಲಾರ್ಡ್ಸ್‌ನ ಐವರು ನ್ಯಾಯಾಧೀಶರು ಮೂರಕ್ಕೆ ಎರಡರ ಬಹುಮತದಲ್ಲಿ ಹೇಳಿದರು. ಬಹುಮತದಲ್ಲಿದ್ದ ಲಾರ್ಡ್ ಹಾಫ್‌ಮನ್ ಅವರು ಆಮ್ನೆಸ್ಟಿ ಇಂಟರ್‌ನ್ಯಾಷನಲ್‌ಗೆ ಸೇರಿದ ಒಂದು ದತ್ತಿ ಸಂಸ್ಥೆಯ ನಿರ್ದೇಶಕರಾಗಿದ್ದರು, ಆಮ್ನೆಸ್ಟಿ ಆ ಪ್ರಕರಣದಲ್ಲಿ ಮಧ್ಯಪ್ರವೇಶ ಮಾಡಿತ್ತು ಎಂಬುದು ಹೊರಬಿತ್ತು. ಡಿಸೆಂಬರಿನಲ್ಲಿ ತೀರ್ಪು ರದ್ದಾಯಿತು. 1999ರ ಮಾರ್ಚಿನಲ್ಲಿ ಏಳು ಜನರ ಹೊಸ ಪೀಠ ಆರೋಪಗಳ ವ್ಯಾಪ್ತಿಯನ್ನು ಬಹಳ ಕಿರಿದುಗೊಳಿಸಿತಾದರೂ ರಕ್ಷಣೆಯ ಮುಖ್ಯ ಪ್ರಶ್ನೆಯಲ್ಲಿ ಆರಕ್ಕೆ ಒಂದರ ಬಹುಮತದಲ್ಲಿ ಮತ್ತೆ ಪಿನೋಶೆಯ ವಿರುದ್ಧವೇ ನಿಂತಿತು. ರದ್ದುಮಾಡಿದವರು ಮೊದಲ ತೀರ್ಪು ತಪ್ಪೆಂದು ಹೇಳಿರಲಿಲ್ಲ, ಆದರೂ ಅದು ಬಿದ್ದುಹೋಗಬೇಕಾಗಿತ್ತು. ತೀರ್ಮಾನಿಸುವವರ ನಿಷ್ಪಕ್ಷಪಾತ ಕಾಪಾಡುವುದು ಸೋತವರೂ ಒಪ್ಪಿ ತಲೆಬಾಗಬಲ್ಲ ವ್ಯವಸ್ಥೆಯನ್ನು. ತೀರ್ಪು ಸತ್ಯವೋ ಅಲ್ಲವೋ ಎಂಬುದನ್ನು ಅದು ತಿಳಿಸುವುದಿಲ್ಲ. ತೀರ್ಪುಗಾರರ ತಲೆ ಖಾಲಿಯಿರಬೇಕೆಂದೂ ಅದರರ್ಥವಲ್ಲ. ಅಮೆರಿಕದ ನ್ಯಾಯಮೂರ್ತಿ ರೆನ್‌ಕ್ವಿಸ್ಟ್ 1972ರಲ್ಲಿ ಒಂದು ಪ್ರಕರಣದಿಂದ ಹಿಂದೆ ಸರಿಯಲು ನಿರಾಕರಿಸುತ್ತ, ಸಂವಿಧಾನದ ವಿಚಾರದಲ್ಲಿ ಏನೊಂದೂ ಅಭಿಪ್ರಾಯವಿಲ್ಲದ ಮನಸ್ಸು ಸೂಚಿಸುವುದು ಅನರ್ಹತೆಯನ್ನೇ ಹೊರತು ನಿಷ್ಪಕ್ಷಪಾತವನ್ನಲ್ಲ ಎಂಬರ್ಥದ ಮಾತು ಬರೆದರು. ಅವರು ಹಿಂದೆ ಸರಿಯದಿದ್ದದ್ದು ಸರಿಯೇ ಎಂಬ ಬಗ್ಗೆ ನನಗೆ ಅನುಮಾನವಿದೆ. ಆ ಮಾತಂತೂ ಸರಿ.

ಇನ್ನು ಸಾಕ್ಷಿ. ಕೊಲೆಯನ್ನು ಕಣ್ಣಾರೆ ಕಂಡವರು ಸತ್ತವರ ಹೆಂಡತಿಯೋ ಮಗಳೋ ಆಗಿದ್ದರೆ 'ಅವರು ಒಂದು ಕಡೆಯವರು' ಎಂದು ತಳ್ಳಿಹಾಕಬಹುದೇ? ದಲೀಪ್ ಸಿಂಗ್ ಪ್ರಕರಣದಲ್ಲಿ 1953ರಷ್ಟು ಹಿಂದೆಯೇ ನ್ಯಾಯಮೂರ್ತಿ ವಿವಿಯನ್ ಬೋಸ್ ಈ ವಾದವನ್ನು ನೇರವಾಗಿ ಎದುರಿಸಿದರು. ಹತ್ತಿರದ ಬಂಧುವಿಗೆ ನಿಜವಾದ ಅಪರಾಧಿಯನ್ನು ಬಚಾವು ಮಾಡಿ ನಿರಪರಾಧಿಯನ್ನು ಸಿಕ್ಕಿಸುವ ಮನಸ್ಸು ಎಲ್ಲರಿಗಿಂತ ಕಡಿಮೆ ಇರುತ್ತದೆ. ಬಂಧುತ್ವವೊಂದನ್ನೇ ಹಿಡಿದು ಸಾಕ್ಷ್ಯವನ್ನು ಅನುಮಾನಿಸುವಂತಿಲ್ಲ, ಎಷ್ಟೋ ಸಲ ಅದೇ ಸಾಕ್ಷ್ಯದ ಸತ್ಯಕ್ಕೆ ಆಧಾರ ಎಂಬುದು ಅವರ ನಿಲುವು. ಹಳೆಯ ದ್ವೇಷವಿದ್ದರೆ ಎಚ್ಚರಿಕೆ ಬೇಕು ಎಂಬುದನ್ನೂ ಅವರು ಮರೆಯಲಿಲ್ಲ. ಗಮನಿಸಬೇಕಾದದ್ದು ಅವರು ಯೋಚಿಸಿದ ರೀತಿ. 'ಸಂಬಂಧವಿದೆ' ಎಂಬಲ್ಲಿಗೆ ವಿಚಾರಣೆ ಮುಗಿಯುವುದಿಲ್ಲ. ಆ ಸಂಬಂಧ ಸಾಕ್ಷಿಯನ್ನು ಸತ್ಯದ ಕಡೆಗೆ ಎಳೆಯುತ್ತದೆಯೋ ಸುಳ್ಳಿನ ಕಡೆಗೋ ಎಂದು ಮುಂದೆ ಕೇಳಬೇಕಾಗುತ್ತದೆ. ಕಾರ್ಖಾನೆಯ ಹೊಗೆಯ ಬಗ್ಗೆ ಅದರ ಪಕ್ಕದಲ್ಲೇ ವಾಸಿಸುವವರಿಗೆ ಪಕ್ಷವಿದೆ, ನಿಜ. ರಾತ್ರಿ ಎಷ್ಟು ಗಂಟೆಗೆ ಹೊಗೆ ದಟ್ಟವಾಗುತ್ತದೆ ಎಂಬುದು ಗೊತ್ತಿರುವುದೂ ಅವರಿಗೇ. ಹಂಗಿಲ್ಲದವರನ್ನು ಮಾತ್ರ ಕೇಳುತ್ತೇವೆಂದು ಹೊರಟರೆ, ವಿಷಯ ಯಾರ ಮೈಮೇಲೆ ಬಂದಿದೆಯೋ ಅವರನ್ನೇ ಮೊದಲು ಹೊರಗಿಟ್ಟಂತಾಗುತ್ತದೆ.

ಮೂರನೆಯ ಪಾತ್ರ ವಾದಿಯದು. ಇಲ್ಲಿ ಧೂಮಪಾನ ಮತ್ತು ಶ್ವಾಸಕೋಶದ ಕ್ಯಾನ್ಸರಿನ ವಿವಾದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 1950ರಲ್ಲಿ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಇವೆರಡರ ನಡುವಿನ ನಂಟನ್ನು ಬ್ರಿಟನ್ನಿನಲ್ಲಿ ಪ್ರಕಟಿಸಿದರು. ಅದನ್ನು ಅತ್ಯಂತ ಚುರುಕಾಗಿ ವಿರೋಧಿಸಿದವರು ಆಧುನಿಕ ಸಂಖ್ಯಾಶಾಸ್ತ್ರಕ್ಕೆ ಅಡಿಪಾಯ ಹಾಕಿದ ರೊನಾಲ್ಡ್ ಫಿಶರ್. ಅವರು ಸ್ವತಃ ಪೈಪು ಸೇದುತ್ತಿದ್ದರು, ತಂಬಾಕು ತಯಾರಕರ ಸಮಿತಿಗೆ ಸಲಹೆಗಾರರೂ ಆಗಿದ್ದರು. ಸೇದುವ ಚಟವನ್ನೂ ಕ್ಯಾನ್ಸರನ್ನೂ ಎರಡನ್ನೂ ಉಂಟುಮಾಡುವ ಯಾವುದೋ ವಂಶವಾಹಿ ಗುಣ ಹಿಂದೆ ಅಡಗಿರಬಹುದಲ್ಲ ಎಂಬುದು ಅವರ ಆಕ್ಷೇಪ. 'ತಂಬಾಕಿನವರ ಮನುಷ್ಯ' ಎಂದು ಅವರ ಬಾಯಿ ಮುಚ್ಚಿಸಬಹುದಿತ್ತು, ಆದರೆ ಆಕ್ಷೇಪ ಅಲ್ಲೇ ಉಳಿಯುತ್ತಿತ್ತು. 1959ರಲ್ಲಿ ಜೆರೋಮ್ ಕಾರ್ನ್‌ಫೀಲ್ಡ್ ಮತ್ತು ಸಹೋದ್ಯೋಗಿಗಳು ಲೆಕ್ಕದ ಮೂಲಕ ಉತ್ತರ ಕೊಟ್ಟರು. ಸೇದುವವರಿಗೆ ಈ ಕ್ಯಾನ್ಸರಿನ ಅಪಾಯ ಒಂಬತ್ತು ಪಟ್ಟು ಹೆಚ್ಚಿದೆ ಎಂದಾದರೆ, ಅದಕ್ಕೆಲ್ಲ ಬೇರೊಂದು ಗುಪ್ತ ಗುಣವೇ ಕಾರಣ ಎನ್ನುವವರು ಆ ಗುಣ ಸೇದದವರಿಗಿಂತ ಸೇದುವವರಲ್ಲಿ ಕನಿಷ್ಠ ಒಂಬತ್ತು ಪಟ್ಟು ಹೆಚ್ಚಾಗಿದೆ ಎಂದು ತೋರಿಸಬೇಕು. ಅಂಥ ಗುಣವನ್ನು ಯಾರೂ ತೋರಿಸಲಿಲ್ಲ. ಫಿಶರ್ ಅವರ ವಾದವನ್ನು ಮುರಿದದ್ದು ಈ ಉತ್ತರ. ಅವರಿಗೆ ಹಣ ಎಲ್ಲಿಂದ ಬರುತ್ತಿತ್ತು ಎಂಬ ಸುದ್ದಿಯಿಂದ ಅದು ಮುರಿಯುವಂತಿರಲಿಲ್ಲ. ಆ ಆಕ್ಷೇಪಕ್ಕೆ ಉತ್ತರಿಸುತ್ತ ಕಾರ್ನ್‌ಫೀಲ್ಡ್ ರೂಪಿಸಿದ ತರ್ಕವನ್ನು ರೋಗಕಾರಣ ಹುಡುಕುವವರು ಇಂದಿಗೂ ಬಳಸುತ್ತಾರೆ. ಮನಸ್ಸಿನಲ್ಲಿ ಮೊದಲೇ ಒಂದು ಅಭಿಪ್ರಾಯ ಇಟ್ಟುಕೊಂಡವರು ಡಾಲ್ ಕೂಡ. ರಸ್ತೆಯ ಡಾಂಬರು, ಮೋಟಾರು ವಾಹನಗಳ ಹೊಗೆ ಕಾರಣವಿರಬಹುದೆಂದು ಅವರು ಆರಂಭದಲ್ಲಿ ಭಾವಿಸಿದ್ದರು. ಅಂಕಿಅಂಶ ಬೇರೆ ಕಡೆ ಬೆರಳು ತೋರಿಸಿದಾಗ ಅಭಿಪ್ರಾಯ ಬದಲಿಸಿದರು, ತಾವೂ ಸಿಗರೇಟು ಬಿಟ್ಟರು.

'ಹಾಗಾದರೆ ಯಾರು ಯಾರಿಂದ ದುಡ್ಡು ಪಡೆದರೂ ಲೆಕ್ಕಕ್ಕಿಲ್ಲವೇ?' ಎಂಬ ಪ್ರಶ್ನೆ ಏಳುತ್ತದೆ, ಏಳಲೇಬೇಕು. ಖಂಡಿತ ಲೆಕ್ಕಕ್ಕಿದೆ. ತಾನು ಇಂಥದ್ದನ್ನು ಕಂಡೆ, ಅಳೆದೆ, ಇಷ್ಟು ಬಂತು ಎಂದು ಒಬ್ಬರು ಹೇಳಿದಾಗ ಆ ಭಾಗದಲ್ಲಿ ಅವರು ಸಾಕ್ಷಿಯೇ. ಅಲ್ಲಿ ಅವರ ಹಂಗು ತಿಳಿದಿರಬೇಕು. ಏನನ್ನು ಹೇಳದೆ ಬಿಟ್ಟಿರಬಹುದು, ಯಾವ ಪ್ರಯೋಗವನ್ನು ಬೀರುವಿನಲ್ಲೇ ಉಳಿಸಿರಬಹುದು ಎಂದು ಹುಡುಕಲು ಆ ಮಾಹಿತಿ ದಾರಿ ತೋರಿಸುತ್ತದೆ. ಸಂಶೋಧನಾ ಪತ್ರಿಕೆಗಳು ಲೇಖಕರ ಹಣದ ಮೂಲವನ್ನು ಬಹಿರಂಗಪಡಿಸಿ ಎನ್ನುವುದು ಇದಕ್ಕಾಗಿಯೇ. ಆದರೆ ಬಹಿರಂಗಪಡಿಸಿದ ಮೇಲೆ ಲೇಖನವನ್ನು ಓದಬೇಕು ಎಂಬುದೂ ಆ ಕಟ್ಟಳೆಯಲ್ಲೇ ಅಡಗಿದೆ. ಹಂಗು ಎಂಬುದು ಎಲ್ಲಿ ಹೆಚ್ಚು ಅಗೆದು ನೋಡಬೇಕು ಎಂದು ಹೇಳುತ್ತದೆ. ಅಗೆದಾಗ ಏನು ಸಿಗುತ್ತದೆ ಎಂಬುದನ್ನು ಅದು ಹೇಳಲಾರದು.

ನಿಷ್ಪಕ್ಷಪಾತವನ್ನು ನಡುದಾರಿ ಎಂದುಕೊಳ್ಳುವುದು ಇದೇ ಗೊಂದಲದ ಇನ್ನೊಂದು ಕವಲು. ಇಬ್ಬರು ಜಗಳವಾಡುತ್ತಿದ್ದರೆ ಸತ್ಯ ಮಧ್ಯದಲ್ಲಿರಬೇಕು ಎಂದು ನಾವು ಸುಮ್ಮನೆ ಊಹಿಸಿಬಿಡುತ್ತೇವೆ. ಬಿಬಿಸಿಯ ವಿಜ್ಞಾನ ವರದಿಗಾರಿಕೆಯನ್ನು ಪರಿಶೀಲಿಸಿದ ತಳಿವಿಜ್ಞಾನಿ ಸ್ಟೀವ್ ಜೋನ್ಸ್ 2011ರಲ್ಲಿ ಎಚ್ಚರಿಸಿದ್ದು ಇದನ್ನೇ. ಹವಾಮಾನ ಬದಲಾವಣೆಯಂಥ ವಿಷಯದಲ್ಲಿ ಗಟ್ಟಿ ಪುರಾವೆಯ ಎದುರು ಅಂಚಿನ ಅಭಿಪ್ರಾಯಕ್ಕೆ ಅತಿಯಾದ ಜಾಗ ಕೊಟ್ಟರೆ ಅದು ಹುಸಿ ಸಮತೋಲನ. ನಮ್ಮ ಕಾವೇರಿಯನ್ನೇ ನೋಡಿ. ಕರ್ನಾಟಕ, ತಮಿಳುನಾಡುಗಳ ಬೇಡಿಕೆಗಳನ್ನು ಕೂಡಿದರೆ ಲೆಕ್ಕಕ್ಕೆ ಹಿಡಿದ 740 ಟಿಎಂಸಿಯನ್ನೂ ಅವು ಮೀರುತ್ತಿದ್ದವು. 2007ರಲ್ಲಿ ನ್ಯಾಯಮಂಡಳಿ ತಮಿಳುನಾಡಿಗೆ 419, ಕರ್ನಾಟಕಕ್ಕೆ 270 ಟಿಎಂಸಿ ಹಂಚಿತು. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟು ಕರ್ನಾಟಕಕ್ಕೆ 14.75 ಟಿಎಂಸಿ ಹೆಚ್ಚು ಕೊಟ್ಟಿತು. ಈ ಸಂಖ್ಯೆ ಮಧ್ಯಬಿಂದುವಲ್ಲ, ರಾಜಿಯೂ ಅಲ್ಲ, ಅದಕ್ಕೆ ಎರಡು ಕಾರಣಗಳಿವೆ. ತಮಿಳುನಾಡಿನ ಕಣಿವೆಯಲ್ಲಿ ಸಿಗುವ ಅಂತರ್ಜಲದಲ್ಲಿ 10 ಟಿಎಂಸಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂಬುದು ಒಂದು. ಬೆಂಗಳೂರಿನ ಮೂರನೇ ಒಂದು ಭಾಗ ಮಾತ್ರ ಕಾವೇರಿ ಕೊಳ್ಳದಲ್ಲಿದೆ ಎಂದು ನ್ಯಾಯಮಂಡಳಿ ಮೊಟಕುಗೊಳಿಸಿದ್ದ ಕುಡಿಯುವ ನೀರನ್ನು 4.75 ಟಿಎಂಸಿಯಷ್ಟು ಹೆಚ್ಚಿಸಬೇಕು ಎಂಬುದು ಇನ್ನೊಂದು. ತಂಜಾವೂರಿನ ರೈತ ಮೊದಲನೆಯ ಕಾರಣವನ್ನು ಪ್ರಶ್ನಿಸಬಹುದು, ಮಂಡ್ಯದ ರೈತ ಇಷ್ಟು ಸಾಲದು ಎನ್ನಬಹುದು. ಇಬ್ಬರಿಗೂ ಪ್ರಶ್ನಿಸಲು ನಿರ್ದಿಷ್ಟವಾಗಿ ಏನೋ ಒಂದು ಸಿಕ್ಕಿದೆ. 'ಎರಡೂ ಕಡೆ ಸ್ವಲ್ಪ ಸ್ವಲ್ಪ ನ್ಯಾಯವಿದೆ' ಎಂದಷ್ಟೇ ಹೇಳುವವರು ಪ್ರಶ್ನಿಸಲು ಏನನ್ನೂ ಕೊಡುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ನನ್ನನ್ನು ಕಾಡುವುದು, ಯಾರಿಗೆ 'ಪಕ್ಷವಿಲ್ಲದವರು' ಎಂಬ ಹೆಸರು ಸಿಗುತ್ತದೆ ಎಂಬ ಪ್ರಶ್ನೆ. ಮೈಸೂರು ಸಂಸ್ಥಾನದಲ್ಲಿ 1917ರಲ್ಲಿ ಹುಟ್ಟಿದ ಪ್ರಜಾಮಿತ್ರ ಮಂಡಳಿ, ಸರ್ಕಾರಿ ಹುದ್ದೆಗಳು ಒಂದೇ ಸಮುದಾಯದ ಕೈಯಲ್ಲಿ ಸೇರಿಕೊಂಡಿವೆ, ಹಿಂದುಳಿದವರಿಗೂ ಪಾಲು ಬೇಕು ಎಂದು ಮಹಾರಾಜರ ಮುಂದೆ ಹೋಯಿತು. ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ದಿವಾನರಾಗಿದ್ದ ವಿಶ್ವೇಶ್ವರಯ್ಯನವರು ಆಡಳಿತದ ದಕ್ಷತೆ ಕುಸಿಯುತ್ತದೆ, ಅರ್ಹತೆಯೇ ಅಳತೆಗೋಲಾಗಿರಬೇಕು ಎಂದು ಇದನ್ನು ಒಪ್ಪದೆ ಅಧಿಕಾರ ಬಿಟ್ಟರು. ಅಂದಿನಿಂದ ಇಂದಿನವರೆಗೂ ಈ ಚರ್ಚೆಯಲ್ಲಿ ಒಂದು ರೂಢಿ ನಿಂತುಬಿಟ್ಟಿದೆ. ಪಾಲು ಕೇಳುವವರ ಮಾತು ಜಾತಿಯ ಮಾತು, ಅರ್ಹತೆಯ ಮಾತು ಎಲ್ಲರ ಹಿತದ ಮಾತು. ಇರುವ ವ್ಯವಸ್ಥೆಯಿಂದ ಅನುಕೂಲ ಪಡೆದವರಿಗೆ ಆ ವ್ಯವಸ್ಥೆ ಒಂದು ಪಕ್ಷವಾಗಿ ಕಾಣುವುದಿಲ್ಲ, ಲೋಕವೇ ಹಾಗಿದೆ ಎಂದು ಕಾಣುತ್ತದೆ. ಬದಲಾವಣೆ ಕೇಳುವವರಷ್ಟೇ ಪಕ್ಷದವರೆನಿಸುತ್ತಾರೆ. ಆದರೆ ಇದನ್ನು ತಿರುಗಿಸಿ, ವಿಶ್ವೇಶ್ವರಯ್ಯನವರ ವಾದವನ್ನು ಅವರ ಹುಟ್ಟಿನಿಂದ ಅಳೆದರೂ ಅದೇ ತಪ್ಪಾಗುತ್ತದೆ. ದಕ್ಷತೆ ಕುಸಿಯುತ್ತದೆಯೇ ಎಂಬುದು ಪರೀಕ್ಷಿಸಿ ನೋಡಬಹುದಾದ ಪ್ರಶ್ನೆ. ಶತಮಾನದ ಅನುಭವ ಅವರ ಭಯವನ್ನು ಎತ್ತಿಹಿಡಿಯುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಆ ಅಭಿಪ್ರಾಯವನ್ನು ನಾನು ಸಾಧಿಸಬೇಕಾದದ್ದು ಆಡಳಿತದ ಇತಿಹಾಸವನ್ನು ಮುಂದಿಟ್ಟು.

ಇಷ್ಟೆಲ್ಲ ಹೇಳಿದರೆ 'ಹಾಗಿದ್ದರೆ ಎಲ್ಲವೂ ಪಕ್ಷವೇ, ಸತ್ಯವೆಂಬುದೇ ಇಲ್ಲ' ಎಂಬ ಇನ್ನೊಂದು ತುದಿಗೆ ಕೆಲವರು ಜಿಗಿಯುತ್ತಾರೆ. ಇದು ಮೊದಲಿನದಕ್ಕಿಂತ ಕೆಟ್ಟ ತಪ್ಪು. ಎರಡಕ್ಕೂ ತಳದಲ್ಲಿರುವ ಊಹೆ ಮಾತ್ರ ಒಂದೇ: ಸತ್ಯ ಸಿಗಬೇಕಾದರೆ ಪಕ್ಷವಿಲ್ಲದ ಮನುಷ್ಯ ಸಿಗಬೇಕು. ಒಬ್ಬರು ಅಂಥವರಿದ್ದಾರೆ ಎನ್ನುತ್ತಾರೆ, ಇನ್ನೊಬ್ಬರು ಇಲ್ಲ ಎನ್ನುತ್ತಾರೆ. ಆದರೆ ಭಾರತದ ನ್ಯಾಯದರ್ಶನ ಈ ಊಹೆಯಿಂದ ಹೊರಡಲೇ ಇಲ್ಲ. ಅದು ವಾದ ಎಂದು ಕರೆದ ಉತ್ತಮ ಚರ್ಚೆಯಲ್ಲಿ ಇಬ್ಬರಿಗೂ ತಮ್ಮ ತಮ್ಮ ಪಕ್ಷವಿರುತ್ತದೆ, ಇಬ್ಬರೂ ಪ್ರಮಾಣ ಒದಗಿಸಬೇಕು, ಗುರಿ ಸತ್ಯದ ನಿರ್ಣಯ. ತನ್ನದೆಂಬ ಪಕ್ಷವನ್ನೇ ಸ್ಥಾಪಿಸದೆ ಎದುರಿನವರನ್ನು ಖಂಡಿಸುತ್ತ ಹೋಗುವುದನ್ನು ಅದು ವಿತಂಡ ಎಂದು ಬೇರೆಯಾಗಿಟ್ಟಿತು. ನಿಲುವು ತಳೆದವರು ಉತ್ತರ ಕೊಡುವ ಹೊಣೆ ಹೊರುತ್ತಾರೆ. ನಿಲುವೇ ಇಲ್ಲವೆನ್ನುವವರಿಗೆ ಆ ಹೊಣೆಯಿಲ್ಲ. ಬ್ರಾಡ್‌ಫರ್ಡ್ ಹಿಲ್ ರೂಪಿಸಿ 1948ರಲ್ಲಿ ಪ್ರಕಟವಾದ ಸ್ಟ್ರೆಪ್ಟೊಮೈಸಿನ್ ಪ್ರಯೋಗವೂ ಇದೇ ದಾರಿಯದು. ಕ್ಷಯದ 107 ರೋಗಿಗಳಲ್ಲಿ ಯಾರಿಗೆ ಔಷಧಿ, ಯಾರಿಗೆ ಬರಿಯ ವಿಶ್ರಾಂತಿ ಎಂಬುದನ್ನು ವೈದ್ಯರ ಆಯ್ಕೆಗೆ ಬಿಡಲಿಲ್ಲ. ಯಾದೃಚ್ಛಿಕ ಸಂಖ್ಯೆಗಳ ಆಧಾರದಲ್ಲಿ ಸಿದ್ಧಪಡಿಸಿದ ಮುಚ್ಚಿದ ಲಕೋಟೆಗಳು ನಿರ್ಧರಿಸಿದವು. ಎಕ್ಸ್‌ರೇ ನೋಡಿ ಸುಧಾರಣೆ ಅಳೆದವರಿಗೆ ಯಾವ ಚಿತ್ರ ಯಾವ ಗುಂಪಿನದು ಎಂದು ತಿಳಿಸಲಿಲ್ಲ. ಹೊಸ ಔಷಧಿ ಗೆಲ್ಲಲಿ ಎಂದು ಆ ವೈದ್ಯರು ಆಸೆಪಟ್ಟಿರಬಹುದು, ಆಸೆಪಟ್ಟರೂ ಅದು ಫಲಿತಾಂಶಕ್ಕೆ ತಾಗದಂತೆ ಏರ್ಪಾಡಾಗಿತ್ತು. ನಿಷ್ಪಕ್ಷಪಾತವನ್ನು ಅವರು ಯಾರ ಮನಸ್ಸಿನಲ್ಲೂ ಹುಡುಕಲಿಲ್ಲ, ಕೆಲಸದ ಕ್ರಮದೊಳಗೇ ಕಟ್ಟಿದರು.

ಉಳಿಯುವ ಗಟ್ಟಿ ಆಕ್ಷೇಪ ಒಂದೇ: ಸಾಮಾನ್ಯರಿಗೆ ಕಾರಣಗಳನ್ನು ತೂಗಿ ನೋಡುವ ಶಕ್ತಿಯಿಲ್ಲದಿರುವಾಗ ಅವರು ಹೇಳುವವರ ಮುಖ ನೋಡದೆ ಇನ್ನೇನು ಮಾಡಬೇಕು? ಮಂಡಿಗೆ ಶಸ್ತ್ರಚಿಕಿತ್ಸೆ ಬೇಕೆಂದು ಹೇಳಿಸಿಕೊಂಡು ಹೊರಬಂದ ಅರವತ್ತರ ಹೆಂಗಸು ಕಾರ್ನ್‌ಫೀಲ್ಡರ ಹಾಗೆ ಲೆಕ್ಕ ಹಾಕಲಾರರು, ಒಪ್ಪಿದೆ. ಆದರೂ ಅವರ ಕೈಯಲ್ಲಿ ಎರಡು ಸಾಧನಗಳಿವೆ. ತಜ್ಞರ ಅಭಿಪ್ರಾಯ ಸಾಕ್ಷ್ಯವಾಗಿ ಬಂದರೆ ಆ ಅಭಿಪ್ರಾಯದ ಆಧಾರಗಳೂ ಪ್ರಸ್ತುತ ಎಂದು 1872ರ ಸಾಕ್ಷ್ಯ ಅಧಿನಿಯಮದ 51ನೇ ಕಲಂ ಹೇಳಿತ್ತು. ಕೋರ್ಟಿಗೆ ಇರುವ ಆ ಹಕ್ಕು ರೋಗಿಗೂ ಇದೆ. ಎಕ್ಸ್‌ರೇಯಲ್ಲಿ ಏನು ಕಂಡು ಹೀಗೆ ಹೇಳುತ್ತಿದ್ದೀರಿ, ಮೂರು ತಿಂಗಳು ವ್ಯಾಯಾಮ ಮಾಡಿ ನೋಡಿದರೆ ಏನಾಗುತ್ತದೆ, ಏನು ಕಂಡಿದ್ದರೆ ಶಸ್ತ್ರಚಿಕಿತ್ಸೆ ಬೇಡ ಎನ್ನುತ್ತಿದ್ದಿರಿ ಎಂದು ಅವರು ಕೇಳಬಹುದು. ಕೊನೆಯ ಪ್ರಶ್ನೆಗೆ ಉತ್ತರವೇ ಇಲ್ಲದಿದ್ದರೆ ಅದನ್ನು ಅರ್ಥಮಾಡಿಕೊಳ್ಳಲು ವೈದ್ಯಶಾಸ್ತ್ರ ಓದಿರಬೇಕಿಲ್ಲ. ಎರಡನೆಯ ಸಾಧನ ಸೆಕೆಂಡ್ ಒಪಿನಿಯನ್. ಅದು ಉಪಯುಕ್ತವಾಗುವುದು ಎರಡನೆಯ ವೈದ್ಯರಿಗೆ ಯಾವ ಒಲವೂ ಇಲ್ಲ ಎಂಬ ಕಾರಣಕ್ಕಲ್ಲ. ಅವರಿಗೂ ಆಸ್ಪತ್ರೆಯಿದೆ, ತರಬೇತಿಯಿದೆ, ರೂಢಿಯಿದೆ. ಮೊದಲನೆಯವರ ತಪ್ಪು ಎಲ್ಲಿ ಆಗಬಹುದೋ ಅಲ್ಲೇ ಇವರದೂ ಆಗುವ ಸಂಭವ ಕಡಿಮೆ ಎಂಬುದರಲ್ಲಿ ಅದರ ಬೆಲೆಯಿದೆ. ಆದ್ದರಿಂದ ಆ ಹೆಂಗಸು ಎರಡನೆಯವರ ಬಳಿ 'ಅಲ್ಲಿ ಆಪರೇಷನ್ ಅಂದರು, ನೀವೇನಂತೀರಿ ಸಾರ್?' ಎಂದು ಮಾತು ಶುರುಮಾಡದೆ, ಮಂಡಿ ತೋರಿಸಿ, ನೋವು ಯಾವಾಗ ಹೆಚ್ಚುತ್ತದೆ, ಮೆಟ್ಟಿಲು ಎಷ್ಟು ಹತ್ತಬಲ್ಲೆ ಎಂದು ಹೇಳಿ, ಎಕ್ಸ್‌ರೇ ಮುಂದಿಟ್ಟು ಅವರ ಅಭಿಪ್ರಾಯವನ್ನು ಮೊದಲು ಕೇಳಿಕೊಳ್ಳಬೇಕು. ಮೊದಲನೆಯ ಚೀಟಿಯನ್ನು ಚೀಲದಿಂದ ಆಮೇಲೆ ತೆಗೆದರೆ ಸಾಕು.